ಆರೋಗ್ಯ ಪ್ರಶ್ನೋತ್ತರ: ಮೈಗೆ ತಿಳಿಯದಂತೆ ಒಳಗೇ ಉಳಿಯುವ ಹೆಪಟೈಟಿಸ್

ಮಳೆಗಾಲ ಹಿಡಿದ ಮೇಲೆ ಕರಾವಳಿಯಿಂದ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಅರಸಿನ ಮುಂಡಿಗೆಯ, ಅಂದರೆ ಕಾಮಾಲೆಯ, ಪ್ರಶ್ನೆಗಳು ಹೆಚ್ಚಾಗುತ್ತವೆ. ಈ ಸಲ ಬಂದವುಗಳಲ್ಲಿ ನಾಲ್ಕು ಪತ್ರಗಳು ಒಂದೇ ವಿಷಯವನ್ನು ನಾಲ್ಕು ಕಡೆಯಿಂದ ಕೇಳಿದಂತೆ ಇರುವುದರಿಂದ ಇಡೀ ಅಂಕಣವನ್ನು ಅವಕ್ಕೇ ಮೀಸಲಿಟ್ಟಿದ್ದೇನೆ. ಬರೆದವರ ಹೆಸರುಗಳನ್ನು ಅವರ ಕೋರಿಕೆಯಂತೆ ಬಿಟ್ಟಿದೆ.

ಪ್ರಶ್ನೆ: ನನ್ನ ತಮ್ಮನಿಗೆ ಮೂವತ್ತನಾಲ್ಕು ವರ್ಷ. ಮಲ್ಪೆಯಲ್ಲಿ ಬೋಟಿಗೆ ಹೋಗುತ್ತಾನೆ. ಶಿಬಿರವೊಂದರಲ್ಲಿ ರಕ್ತದಾನ ಮಾಡಿದ ಕೆಲವು ದಿನಗಳ ಮೇಲೆ ಅವನನ್ನು ಕರೆಸಿ, ಹೆಪಟೈಟಿಸ್ ಬಿ ಇದೆ ಎಂದು ಹೇಳಿದರು. ಅವನಿಗೆ ಇದುವರೆಗೆ ಕಾಮಾಲೆ ಆದದ್ದಿಲ್ಲ, ಜ್ವರ ಬಂದು ಮಲಗಿದ್ದೂ ಕಡಿಮೆ. ಮೈಯೊಳಗೆ ವೈರಸ್ ಇದ್ದರೆ ಮೈಗೇ ಗೊತ್ತಾಗದಿರುವುದು ಹೇಗೆ? ವರದಿ ತಪ್ಪಿರಬಹುದೇ? ಅವನ ಹೆಂಡತಿಗೆ ಈಗ ಏಳು ತಿಂಗಳು, ನಮಗೆ ಅದೇ ದೊಡ್ಡ ಚಿಂತೆ.
(ಓದುಗರೊಬ್ಬರು, ಉಡುಪಿ)

ಉತ್ತರ: ನಿಮ್ಮ ತಮ್ಮನ ಹೆಂಡತಿ ಮತ್ತು ಹುಟ್ಟಲಿರುವ ಮಗುವಿನ ಮಾತನ್ನು ಅಂಕಣದ ಕೊನೆಗೆ ವಿವರವಾಗಿ ಬರೆದಿದ್ದೇನೆ. ಅವಸರವಿದ್ದರೆ ಅದನ್ನೇ ಮೊದಲು ಓದಿ, ಏಕೆಂದರೆ ಅಲ್ಲಿ ಮಾಡಲೇಬೇಕಾದ ಕೆಲಸವಿದೆ, ಮತ್ತು ಮಾಡಿದರೆ ಖಂಡಿತ ಫಲವಿದೆ.

ವರದಿಯ ಬಗ್ಗೆ: ದಾನಿಯ ರಕ್ತದಲ್ಲಿ ಹುಡುಕುವುದು ಹೆಪಟೈಟಿಸ್ ಬಿ ವೈರಸ್ಸಿನ ಹೊರಕವಚದಲ್ಲಿರುವ ಎಚ್‌ಬಿಎಸ್‌ಎಜಿ ಎಂಬ ಪ್ರೋಟೀನನ್ನು. ಅಮೆರಿಕದ ವೈದ್ಯವಿಜ್ಞಾನಿ ಬರೂಚ್ ಬ್ಲಂಬರ್ಗ್ ಅವರಿಗೆ 1960ರ ದಶಕದಲ್ಲಿ ಇದು ಮೊದಲು ಸಿಕ್ಕಿದ್ದು ಆಸ್ಟ್ರೇಲಿಯಾದ ಮೂಲನಿವಾಸಿಯೊಬ್ಬರ ರಕ್ತದಲ್ಲಿ. ಆದ್ದರಿಂದ ಹಳೆಯ ಪುಸ್ತಕಗಳಲ್ಲಿ ಇದರ ಹೆಸರು ಆಸ್ಟ್ರೇಲಿಯಾ ಆಂಟಿಜೆನ್. ಈ ಕೆಲಸಕ್ಕೆ ಅವರಿಗೆ 1976ರಲ್ಲಿ ನೊಬೆಲ್ ಬಂತು. ಚಿಕ್ಕ ಪ್ರಯೋಗಾಲಯಗಳಲ್ಲಿ ಇದನ್ನು ಬೆರಳುದ್ದದ ಕಾರ್ಡಿನಲ್ಲಿ ನೋಡುತ್ತಾರೆ. ರಕ್ತ ಹೆಪ್ಪುಗಟ್ಟಿದ ಮೇಲೆ ಮೇಲ್ಗಡೆ ನಿಲ್ಲುವ ಹುಲ್ಲಿನ ಬಣ್ಣದ ತಿಳಿಯನ್ನು ಎರಡು ಮೂರು ಹನಿ ಕಾರ್ಡಿನ ಕುಳಿಗೆ ಬಿಟ್ಟರೆ ಅದು ಕಾಗದದ ಪಟ್ಟಿಯಲ್ಲಿ ಮೆಲ್ಲನೆ ಮುಂದಕ್ಕೆ ಹರಿಯುತ್ತದೆ. ಮೊದಲು ಸಿ ಎಂಬ ಅಕ್ಷರದ ಎದುರು ನಸುಗೆಂಪು ಗೆರೆ ಮೂಡಿ ಪರೀಕ್ಷೆ ಸರಿಯಾಗಿ ನಡೆದಿದೆ ಎಂದು ತಿಳಿಸುತ್ತದೆ, ವೈರಸ್ಸಿನ ಪ್ರೋಟೀನ್ ಇದ್ದರೆ ಟಿ ಎಂಬಲ್ಲಿ ಇನ್ನೊಂದು ಗೆರೆ ಮೂಡುತ್ತದೆ. ಅದು ಕೆಲವೊಮ್ಮೆ ಬೆಳಕಿಗೆ ಓರೆಯಾಗಿ ಹಿಡಿದರೆ ಮಾತ್ರ ಕಾಣುವಷ್ಟು ಮಸುಕಾಗಿರುತ್ತದೆ, ಆದರೆ ಮಸುಕಾದ ಗೆರೆಯೂ ಗೆರೆಯೇ ಎಂದು ವಿದ್ಯಾರ್ಥಿಗಳಿಗೆ ಪ್ರತಿ ವರ್ಷ ಹೇಳಬೇಕಾಗುತ್ತಿತ್ತು. ರಕ್ತನಿಧಿಗಳಲ್ಲಿ ಸಾಮಾನ್ಯವಾಗಿ ಇದಕ್ಕಿಂತ ಸೂಕ್ಷ್ಮವಾದ ಎಲೈಸಾ ಪರೀಕ್ಷೆ ಮಾಡುತ್ತಾರೆ. ಯಾವ ಪರೀಕ್ಷೆಯಾದರೂ ಒಮ್ಮೊಮ್ಮೆ ತಪ್ಪಬಹುದಾದ್ದರಿಂದ ಇನ್ನೊಂದು ಪರೀಕ್ಷೆಯಿಂದ ಖಚಿತಪಡಿಸಿಕೊಳ್ಳುವುದು ಸರಿ. ಆದರೆ ತಮ್ಮನಿಗೆ ಕಾಮಾಲೆ ಆಗಿಲ್ಲ ಎಂಬ ಕಾರಣಕ್ಕೆ ವರದಿ ತಪ್ಪೆಂದು ತಿಳಿಯಬೇಡಿ. ಹೆಪಟೈಟಿಸ್ ಬಿ ಹೊತ್ತಿರುವ ಹೆಚ್ಚಿನವರಿಗೆ ಕಾಮಾಲೆ ಆಗಿರುವುದೇ ಇಲ್ಲ.

ಇನ್ನು ನಿಮ್ಮ ಮುಖ್ಯ ಪ್ರಶ್ನೆ. ನಮ್ಮ ದೇಹಕ್ಕೆ ಎರಡು ಬಗೆಯ ರಕ್ಷಣೆಯಿದೆ. ಒಂದು, ರೋಗಾಣುವನ್ನು ಒಮ್ಮೆ ಎದುರಿಸಿ, ಅದರ ಗುರುತು ಹಿಡಿದು, ವಾರಗಟ್ಟಲೆ ಸಮಯ ತೆಗೆದುಕೊಂಡು ಸಿದ್ಧವಾಗುವಂಥದು. ಲಸಿಕೆ ಬಳಸಿಕೊಳ್ಳುವುದು ಇದನ್ನು. ಇನ್ನೊಂದು ಹುಟ್ಟಿನಿಂದಲೇ ಬಂದ ಸಹಜ ರಕ್ಷಣೆ. ಇದು ಯಾವ ವೈರಸ್ ಎಂದು ಕೇಳುವುದಿಲ್ಲ, ಜೀವಕೋಶದೊಳಗೆ ಇರಬಾರದ್ದು ಇದೆಯೇ ಎಂದಷ್ಟೇ ನೋಡುತ್ತದೆ, ಮತ್ತು ಕೆಲವು ಗಂಟೆಗಳಲ್ಲೇ ಎದ್ದು ನಿಲ್ಲುತ್ತದೆ. ರಿಗ್-ಐ ಮತ್ತು ಎಂಡಿಎ5 ಎಂಬ ಎರಡು ಪ್ರೋಟೀನುಗಳು ಜೀವಕೋಶದ ರಸದಲ್ಲಿ ಸುತ್ತುತ್ತ, ವೈರಸ್ಸಿನ ಆರ್‌ಎನ್‌ಎ ಸಿಕ್ಕಿದರೆ ಅದರ ತುದಿಯನ್ನೋ ಜೋಡಿ ಎಳೆಯನ್ನೋ ಹಿಡಿದು ಗುರುತಿಸುತ್ತವೆ. ಡಿಎನ್‌ಎ ಇರಬಾರದ ಜಾಗದಲ್ಲಿದ್ದರೆ ಹಿಡಿಯಲು ಸಿಜಿಎಎಸ್ ಎಂಬ ಇನ್ನೊಂದಿದೆ. ಇವು ಎಚ್ಚರಿಕೆ ಕೊಟ್ಟ ಕೂಡಲೇ ಜೀವಕೋಶ ಇಂಟರ್‌ಫೆರಾನ್ ಎಂಬ ವಸ್ತುವನ್ನು ಹೊರಗೆ ಬಿಡುತ್ತದೆ. 1957ರಲ್ಲಿ ಅಲಿಕ್ ಐಸಾಕ್ಸ್ ಮತ್ತು ಜೀನ್ ಲಿಂಡೆನ್‌ಮನ್ ಕಂಡುಹಿಡಿದ ಈ ವಸ್ತು ತಾನೇ ವೈರಸ್ಸನ್ನು ಕೊಲ್ಲುವುದಿಲ್ಲ. ಅದು ಸುತ್ತಲಿನ ಜೀವಕೋಶಗಳನ್ನು ತಟ್ಟಿ ಎಬ್ಬಿಸಿ, ಅವುಗಳಲ್ಲಿ ನೂರಾರು ಜೀನುಗಳನ್ನು ಚಾಲೂ ಮಾಡಿ, ವೈರಸ್ ಬಂದರೂ ಬೆಳೆಯದಂತೆ ಸಿದ್ಧಪಡಿಸುತ್ತದೆ. ನಮ್ಮಲ್ಲಿ ತೋಟಗಳ ನಡುವೆ ದೂರ ದೂರ ಇರುವ ಮನೆಗಳಲ್ಲಿ ರಾತ್ರಿ ಒಂದು ಮನೆಯ ನಾಯಿ ಬೊಗಳಿದರೆ ಇಡೀ ಬೈಲಿನ ನಾಯಿಗಳು ದನಿಗೂಡಿಸಿ, ಒಂದೊಂದೇ ಮನೆಯ ದೀಪ ಹೊತ್ತಿಕೊಳ್ಳುವುದನ್ನು ನೀವು ನೋಡಿರುತ್ತೀರಿ. ಇಂಟರ್‌ಫೆರಾನಿನ ಕೆಲಸ ಹಾಗೆಯೇ.

ಹೆಪಟೈಟಿಸ್ ವೈರಸ್ಸುಗಳು ಬೆಳೆಯುವ ಯಕೃತ್ತಿನಲ್ಲಿ, ಅಂದರೆ ಪಿತ್ತಜನಕಾಂಗದಲ್ಲಿ, ಈ ನಾಯಿಗಳು ಸ್ವಭಾವತಃ ತುಸು ತಾಳ್ಮೆಯವು. ನಿಮಿಷಕ್ಕೆ ಸುಮಾರು ಒಂದೂವರೆ ಲೀಟರ್ ರಕ್ತ ಯಕೃತ್ತಿನ ಮೂಲಕ ಹಾದುಹೋಗುತ್ತದೆ, ಅದರಲ್ಲಿ ಮುಕ್ಕಾಲು ಪಾಲು ಕರುಳಿನಿಂದ ಬಂದದ್ದು. ಊಟದ ಅಂಶಗಳು, ಕರುಳಿನ ಬ್ಯಾಕ್ಟೀರಿಯಾಗಳ ಚೂರುಗಳು ಎಲ್ಲವೂ ಅದರಲ್ಲಿರುತ್ತವೆ. ಪ್ರತಿಯೊಂದಕ್ಕೂ ಕೆರಳಿದರೆ ಯಕೃತ್ತು ದಿನವೂ ಉರಿಯುತ್ತಿರಬೇಕಾಗುತ್ತದೆ. ಆದ್ದರಿಂದ ಅಲ್ಲಿನ ರಕ್ಷಣೆ ಹಲವು ಅಪರಿಚಿತರನ್ನು ನೋಡಿಯೂ ಸುಮ್ಮನಿರುವುದನ್ನು ರೂಢಿಸಿಕೊಂಡಿದೆ. ಹೆಪಟೈಟಿಸ್ ವೈರಸ್ಸುಗಳು ಬೇರೂರುವುದಕ್ಕೆ ಇದೂ ಅನುಕೂಲ.

ಅವುಗಳಲ್ಲಿ ಅತ್ಯಂತ ನಿಶ್ಶಬ್ದವಾದದ್ದು ಹೆಪಟೈಟಿಸ್ ಬಿ. ಯಕೃತ್ತಿನ ಜೀವಕೋಶ ಪಿತ್ತದ ಲವಣಗಳನ್ನು ಒಳಗೆ ಎಳೆದುಕೊಳ್ಳಲು ಇಟ್ಟುಕೊಂಡಿರುವ ಬಾಗಿಲಿನಿಂದಲೇ ಅದು ಒಳಗೆ ಬರುತ್ತದೆ. ಈ ಬಾಗಿಲು ಯಾವುದೆಂದು ಗೊತ್ತಾದದ್ದು 2012ರಲ್ಲಿ. ಬಂದ ಮೇಲೆ ಅದರ ಡಿಎನ್‌ಎ ನೇರವಾಗಿ ಜೀವಕೋಶದ ಕೇಂದ್ರಕ್ಕೆ ಹೋಗಿ, ಸುಮಾರು 3,200 ಅಕ್ಷರಗಳ ಪುಟ್ಟ ಉಂಗುರವಾಗಿ, ನಮ್ಮದೇ ಪ್ರೋಟೀನುಗಳನ್ನು ಮೈಗೆ ಸುತ್ತಿಕೊಂಡು, ನಮ್ಮದೇ ವರ್ಣತಂತುವಿನ ತುಂಡಿನಂತೆ ಕುಳಿತುಬಿಡುತ್ತದೆ. ಅಲ್ಲಿಂದ ಹೊರಡುವ ಆರ್‌ಎನ್‌ಎ ಸಂದೇಶಗಳಿಗೂ ನಮ್ಮ ಜೀವಕೋಶದ ಸಂದೇಶಗಳಿಗಿರುವಂಥದೇ ತಲೆ, ಬಾಲಗಳಿರುವುದರಿಂದ ರಿಗ್-ಐ ಅವನ್ನು ಅನುಮಾನಿಸುವುದಿಲ್ಲ. ಈ ವೈರಸ್ ತನ್ನ ಹೊಸ ಪ್ರತಿ ಮಾಡಿಕೊಳ್ಳುವಾಗ ಆರ್‌ಎನ್‌ಎಯಿಂದ ಡಿಎನ್‌ಎ ಬರೆಯಬೇಕಾಗುತ್ತದೆ. ಸಿಕ್ಕಿಬೀಳುವ ಸಂಭವ ಹೆಚ್ಚಿರುವುದು ಈ ಹೊತ್ತಿನಲ್ಲಿ. ಅದಕ್ಕೇ ಅದು ಈ ಬರವಣಿಗೆಯನ್ನೆಲ್ಲ ತನ್ನ ಪ್ರೋಟೀನ್ ಚಿಪ್ಪಿನೊಳಗೇ ಮುಗಿಸಿಕೊಳ್ಳುತ್ತದೆ. ಚಿಪ್ಪಿನಿಂದ ಡಿಎನ್‌ಎ ಸೋರಿದರೂ ಹಿಡಿಯುವ ವ್ಯವಸ್ಥೆ ಯಕೃತ್ತಿನ ಜೀವಕೋಶಗಳಲ್ಲಿ ಮೊದಲೇ ದುರ್ಬಲ.

ಇದು ಬರಿಯ ಊಹೆಯಲ್ಲ. 2004ರಲ್ಲಿ ಅಮೆರಿಕದ ಸ್ಟೆಫಾನ್ ವೀಲಾಂಡ್, ಫ್ರಾನ್ಸಿಸ್ ಚಿಸಾರಿ ಮತ್ತು ಸಂಗಡಿಗರು ಸೋಂಕು ತಗುಲಿದ ಚಿಂಪಾಂಜಿಗಳ ಯಕೃತ್ತಿನ ಚೂರುಗಳನ್ನು ವಾರ ವಾರವೂ ಪರೀಕ್ಷಿಸಿ, ಯಾವ ಜೀನುಗಳು ಎಚ್ಚರವಾಗುತ್ತವೆ ಎಂದು ನೋಡಿದರು. ವೈರಸ್ ಒಳಹೊಕ್ಕು, ಬೆಳೆದು, ಯಕೃತ್ತಿನ ತುಂಬ ಹರಡುವವರೆಗೂ ಜೀವಕೋಶದ ಒಂದು ಜೀನೂ ಮಿಸುಕಾಡಲಿಲ್ಲ. ವಾರಗಳ ಮೇಲೆ, ಕಲಿತು ಬರುವ ರಕ್ಷಣೆಯ ಟಿ ಕೋಶಗಳು ಬಂದಾಗಷ್ಟೇ ಯಕೃತ್ತಿನಲ್ಲಿ ಗಲಿಬಿಲಿ ಶುರುವಾಯಿತು. ಕಳ್ಳ ಬಂದು ಇಡೀ ಬೈಲು ಸುತ್ತಿದರೂ ಒಂದು ನಾಯಿಯೂ ಬೊಗಳದ ರಾತ್ರಿ ಅದು. ನಿಮ್ಮ ತಮ್ಮನ ಮೈಗೆ ಗೊತ್ತಾಗಲಿಲ್ಲವೇಕೆ ಎಂಬುದಕ್ಕೆ ಇದಕ್ಕಿಂತ ನೇರವಾದ ಉತ್ತರ ನನಗೆ ತಿಳಿದಿಲ್ಲ.

ಅಡಗುವುದರ ಜೊತೆಗೆ ಅದು ಎರಡು ಕೆಲಸಗಳನ್ನು ಮಾಡುತ್ತದೆ. ಹೊರಗಿನಿಂದ ಬಂದ ಉಂಗುರಾಕಾರದ ಡಿಎನ್‌ಎಯನ್ನು ಮೂಕವಾಗಿಸುವ ಎಸ್‌ಎಂಸಿ5/6 ಎಂಬ ಕಾವಲು ಜೀವಕೋಶದ ಕೇಂದ್ರದಲ್ಲಿದೆ. ವೈರಸ್ಸಿನ ಎಕ್ಸ್ ಪ್ರೋಟೀನ್ ಅದನ್ನು ಜೀವಕೋಶದ ಕಸ ವಿಲೇವಾರಿಯ ಯಂತ್ರಕ್ಕೇ ಒಪ್ಪಿಸಿ ನಾಶಮಾಡಿಸುತ್ತದೆ ಎಂಬುದು 2016ರಲ್ಲಿ ಸ್ಪಷ್ಟವಾಯಿತು. ಈ ಪ್ರೋಟೀನಿನ ಉಪಯೋಗವೇನೆಂದು ವರ್ಷಗಟ್ಟಲೆ ತಲೆಕೆಡಿಸಿಕೊಂಡಿದ್ದ ನಮ್ಮಂಥವರಿಗೆ ಅದು ಸಂತೋಷದ ಸುದ್ದಿ. ಎರಡನೆಯದು, ಒಳಗೆ ಏನೂ ಇಲ್ಲದ ಬರಿಯ ಹೊರಕವಚಗಳನ್ನು ನಿಜವಾದ ವೈರಸ್ಸುಗಳಿಗಿಂತ ಸಾವಿರ ಪಟ್ಟಿಗೂ ಮಿಗಿಲಾಗಿ ತಯಾರಿಸಿ ರಕ್ತಕ್ಕೆ ಬಿಡುವುದು. ದೇಹ ತಯಾರಿಸುವ ಪ್ರತಿಕಾಯಗಳು ಈ ಪೊಳ್ಳುಗಳ ಬೆನ್ನುಹತ್ತಿ ಖರ್ಚಾಗುತ್ತವೆ. ರಕ್ತನಿಧಿಯ ಪರೀಕ್ಷೆಗೆ ಸುಲಭವಾಗಿ ಸಿಕ್ಕುವುದೂ ಹೆಚ್ಚಾಗಿ ಈ ಪೊಳ್ಳು ಕವಚಗಳೇ.

ಈ ವೈರಸ್ ಅಡಗುವುದಷ್ಟೇ ಅಲ್ಲ, ಎಚ್ಚರಿಕೆಯ ದಾರಿಗಳನ್ನೂ ತಡೆಯುತ್ತದೆ ಎಂದು ಹೇಳುವ ಪ್ರಯೋಗಗಳೂ ಇವೆ. ಅವುಗಳಲ್ಲಿ ಹಲವು, ವೈರಸ್ಸಿನ ಒಂದೇ ಪ್ರೋಟೀನನ್ನು ಪ್ರಯೋಗಾಲಯದ ಜೀವಕೋಶಗಳಲ್ಲಿ ಸಹಜಕ್ಕಿಂತ ಹೆಚ್ಚು ತುಂಬಿ ಮಾಡಿದವು. ಜೀವಂತ ಯಕೃತ್ತಿನಲ್ಲಿ ಕಂಡ ಮೌನವೇ ನನಗೆ ಹೆಚ್ಚು ನಂಬಲರ್ಹವಾಗಿ ತೋರುತ್ತದೆ.

ಇಲ್ಲಿ ಒಂದು ಮಾತನ್ನು ನಿಧಾನವಾಗಿ ಹೇಳಬೇಕು. ಕಣ್ಣು ಹಳದಿಯಾಗುವುದು ವೈರಸ್ ಯಕೃತ್ತನ್ನು ತಿಂದುಹಾಕುವುದರಿಂದ ಎಂದು ಹೆಚ್ಚಿನವರು ತಿಳಿದಿದ್ದಾರೆ. ಹೆಪಟೈಟಿಸ್ ಬಿ ವೈರಸ್ ತಾನಾಗಿ ಜೀವಕೋಶವನ್ನು ಕೊಲ್ಲುವುದಿಲ್ಲ. ಸೋಂಕು ತಗುಲಿದ ಜೀವಕೋಶಗಳನ್ನು ಹುಡುಕಿ ನಾಶಮಾಡುವುದು ನಮ್ಮದೇ ಟಿ ಕೋಶಗಳು, ಕಾಮಾಲೆ ಆ ಕಾಳಗದ ಹೊಗೆ. ಕಾಳಗವೇ ನಡೆಯದಿದ್ದರೆ ಹೊಗೆಯೂ ಇಲ್ಲ. ದೊಡ್ಡವರಾದ ಮೇಲೆ ಸೋಂಕು ತಗುಲಿದರೆ ಕಾಳಗ ಜೋರಾಗಿ ನಡೆದು, ನೂರರಲ್ಲಿ ಐದಕ್ಕೂ ಕಡಿಮೆ ಜನರಲ್ಲಿ ಮಾತ್ರ ವೈರಸ್ ಉಳಿಯುತ್ತದೆ. ಹುಟ್ಟುವಾಗ ಅಥವಾ ಮೊದಲ ವರ್ಷದಲ್ಲಿ ತಗುಲಿದರೆ ಎಳೆಯ ದೇಹ ಅದನ್ನು ಹೊರಗಿನದೆಂದು ಬಗೆಯದೆ ಸಹಿಸಿಕೊಳ್ಳುವುದರಿಂದ ನೂರಕ್ಕೆ ತೊಂಬತ್ತು ಮಕ್ಕಳಲ್ಲಿ ಉಳಿದುಬಿಡುತ್ತದೆ. ಕಾಮಾಲೆಯನ್ನೇ ಕಾಣದೆ ವೈರಸ್ಸನ್ನು ಹೊತ್ತಿರುವ ನಿಮ್ಮ ತಮ್ಮನಂಥವರಲ್ಲಿ ಹೆಚ್ಚಿನವರಿಗೆ ಸೋಂಕು ಎಳವೆಯಲ್ಲೇ ಬಂದಿರುತ್ತದೆ. ಅವನು ಹುಟ್ಟಿದಾಗ ನಮ್ಮ ಸರಕಾರಿ ಲಸಿಕೆಯ ಪಟ್ಟಿಯಲ್ಲಿ ಇದು ಇರಲಿಲ್ಲ. ದೇಶದಾದ್ಯಂತ ಬಂದದ್ದು 2011ರಲ್ಲಿ. ಎಲ್ಲಿಂದ ಬಂತು ಎಂದು ಈಗ ಮನೆಯಲ್ಲಿ ಯಾರನ್ನೂ ದೂರುವ ಅಗತ್ಯವಿಲ್ಲ.

ಮೌನ ಎಂದೆಂದಿಗೂ ಹಾಗೇ ಇರುವುದಿಲ್ಲ ಎಂಬುದೇ ಭಯದ ವಿಷಯ. ಎಷ್ಟೋ ವರ್ಷಗಳ ಮೇಲೆ ದೇಹ ವೈರಸ್ಸನ್ನು ಅರೆಬರೆ ಗುರುತಿಸಿ, ಗೆಲ್ಲಲೂ ಆಗದೆ ಬಿಡಲೂ ಆಗದೆ ಕಾದಾಡತೊಡಗಿದರೆ, ಯಕೃತ್ತಿನಲ್ಲಿ ಗಾಯದ ನಾರು ಬೆಳೆಯುತ್ತ ಸಿರೋಸಿಸ್ ಆಗಬಹುದು, ಕ್ಯಾನ್ಸರಿಗೂ ದಾರಿಯಾಗಬಹುದು. ಆದ್ದರಿಂದ ತಮ್ಮ ಆರೋಗ್ಯವಾಗಿದ್ದಾನೆ ಎಂದು ಸುಮ್ಮನಿರದೆ ರಕ್ತದಲ್ಲಿ ವೈರಸ್ಸಿನ ಡಿಎನ್‌ಎ ಎಷ್ಟಿದೆ, ವೈರಸ್ ಚುರುಕಾಗಿ ಬೆಳೆಯುತ್ತಿದೆಯೆಂದು ಸೂಚಿಸುವ ಇ ಆಂಟಿಜೆನ್ ಇದೆಯೇ, ಯಕೃತ್ತಿಗೆ ಹಾನಿಯಾದಾಗ ಏರುವ ಎಸ್‌ಜಿಪಿಟಿ ಎಷ್ಟಿದೆ ಎಂಬ ಪರೀಕ್ಷೆಗಳನ್ನೂ ಹೊಟ್ಟೆಯ ಸ್ಕ್ಯಾನಿಂಗನ್ನೂ ಮಾಡಿಸಿ, ವೈದ್ಯರು ಹೇಳಿದಂತೆ ಆರು ತಿಂಗಳಿಗೋ ವರ್ಷಕ್ಕೋ ತಪ್ಪದೆ ತೋರಿಸಿಕೊಳ್ಳಲಿ. ಎಲ್ಲರಿಗೂ ಕೂಡಲೇ ಮಾತ್ರೆ ಬೇಕಾಗುವುದಿಲ್ಲ. ಬೇಕಾದವರಿಗೆ ಟೆನೊಫೊವಿರ್ ಅಥವಾ ಎಂಟೆಕಾವಿರ್ ಮಾತ್ರೆ ವೈರಸ್ಸನ್ನು ಚೆನ್ನಾಗಿ ಹತ್ತಿಕ್ಕುತ್ತದೆ, ಆದರೆ ಕೇಂದ್ರದಲ್ಲಿ ಕುಳಿತ ಉಂಗುರವನ್ನು ಅಳಿಸುವುದಿಲ್ಲವಾದ್ದರಿಂದ ಅದನ್ನು ತಾವಾಗಿ ನಿಲ್ಲಿಸಬಾರದು. 2018ರಲ್ಲಿ ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಸರಕಾರಿ ಚಿಕಿತ್ಸಾ ಕೇಂದ್ರಗಳಲ್ಲಿ ಪರೀಕ್ಷೆಯೂ ಔಷಧವೂ ಉಚಿತ.

ಪ್ರಶ್ನೆ: ನಾನು ಪದವಿಪೂರ್ವ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುತ್ತೇನೆ. ಹೆಪಟೈಟಿಸ್ ಎ ಕೆಲವು ವಾರಗಳಲ್ಲಿ ವಾಸಿಯಾಗುತ್ತದೆ, ಸಿ ಹತ್ತಾರು ವರ್ಷ ಉಳಿಯುತ್ತದೆ. ಸಿ ವೈರಸ್ಸಿಗೆ ದೇಹದ ಕಣ್ಣು ತಪ್ಪಿಸಲು ಗೊತ್ತು, ಎ ವೈರಸ್ಸಿಗೆ ಗೊತ್ತಿಲ್ಲ ಎಂದು ಮಕ್ಕಳಿಗೆ ಹೇಳಿದರೆ ಸರಿಯೇ?
(ಉಪನ್ಯಾಸಕರು, ಪುತ್ತೂರು)

ಉತ್ತರ: ಹಾಗೆ ಹೇಳಬಾರದು. ಕೇಳಿದರೆ ಆಶ್ಚರ್ಯವಾಗುತ್ತದೆ, ಎರಡೂ ವೈರಸ್ಸುಗಳು ಕತ್ತರಿಸುವುದು ಒಂದೇ ತಂತಿಯನ್ನು.

ರಿಗ್-ಐ ಮತ್ತು ಎಂಡಿಎ5 ವೈರಸ್ಸನ್ನು ಗುರುತಿಸಿದ ಮೇಲೆ ಆ ಸುದ್ದಿಯನ್ನು ಮ್ಯಾವ್ಸ್ ಎಂಬ ಪ್ರೋಟೀನಿಗೆ ಮುಟ್ಟಿಸಬೇಕು. ಅದು ಬಾಲವನ್ನು ಜೀವಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯದ ಹೊರಪೊರೆಯಲ್ಲಿ ಊರಿಕೊಂಡು ನಿಂತಿರುತ್ತದೆ. 2005ರಲ್ಲಿ ನಾಲ್ಕು ತಂಡಗಳು ಬೇರೆ ಬೇರೆಯಾಗಿ ಇದನ್ನು ಕಂಡುಹಿಡಿದು ನಾಲ್ಕು ಹೆಸರಿಟ್ಟವು, ಮ್ಯಾವ್ಸ್ ಎಂಬುದು ಉಳಿದುಕೊಂಡಿತು. ಸಿ ವೈರಸ್ಸಿನ ಆರ್‌ಎನ್‌ಎಯಿಂದ ಮೊದಲು ತಯಾರಾಗುವುದು ಸುಮಾರು 3,000 ಅಮೈನೊ ಆಮ್ಲಗಳ ಒಂದೇ ಉದ್ದ ಪ್ರೋಟೀನು. ಅದರ ಬಹುಭಾಗವನ್ನು ತುಂಡರಿಸಿ ಬಿಡಿಭಾಗಗಳನ್ನು ಮಾಡಿಕೊಳ್ಳಲು ವೈರಸ್ ಎನ್‌ಎಸ್3/4ಎ ಎಂಬ ಕತ್ತರಿಯನ್ನು ತಂದಿರುತ್ತದೆ. ಆ ಕತ್ತರಿಯೇ ಮ್ಯಾವ್ಸ್ ಪ್ರೋಟೀನನ್ನೂ ಕತ್ತರಿಸುತ್ತದೆ. ಎಲ್ಲಿ ಎಂಬುದನ್ನು ವಿದ್ಯಾರ್ಥಿಗಳಿಗೆ ಬರೆದು ತೋರಿಸಿ: 540 ಅಮೈನೊ ಆಮ್ಲಗಳ ಪ್ರೋಟೀನಿನಲ್ಲಿ 508ನೆಯದಾದ ಸಿಸ್ಟೀನ್ ಬಳಿ. ಅಂದರೆ ಬುಡದಲ್ಲಿ, ಪೊರೆಗೆ ಊರಿದ ಬಾಲಕ್ಕಿಂತ ತುಸು ಮೇಲೆ. ತಲೆಯ ಭಾಗಕ್ಕೆ ಏನೂ ಆಗಿಲ್ಲ, ಆದರೆ ಬುಡ ಕಡಿದ ಬಾಳೆಯಂತೆ ಅದು ಪೊರೆಯಿಂದ ಕಳಚಿ ಬೀಳುತ್ತದೆ, ಬಿದ್ದ ಮೇಲೆ ಸುದ್ದಿ ಮುಂದಕ್ಕೆ ಹೋಗುವುದಿಲ್ಲ. ಜೀವಕೋಶದ ಒಳಚೀಲಗಳಲ್ಲಿ ಕಾವಲಿರುವ ಟಿಎಲ್‌ಆರ್3 ಎಂಬ ಇನ್ನೊಂದು ಸಂವೇದಕದ ಸುದ್ದಿ ಒಯ್ಯುವ ಟ್ರಿಫ್ ಪ್ರೋಟೀನನ್ನೂ ಇದೇ ಕತ್ತರಿ ತುಂಡರಿಸುತ್ತದೆ.

ಎ ವೈರಸ್ ಬೇರೆಯೇ ಕುಲದ್ದು, ಪೋಲಿಯೋ ವೈರಸ್ಸಿನ ದೂರದ ಬಂಧು. ಅದರ ಕತ್ತರಿಯೂ ಬೇರೆ. ಆದರೂ 2007ರಲ್ಲಿ ತಿಳಿದುಬಂದಂತೆ, 3ಎಬಿಸಿ ಎಂಬ ಅದರ ಪ್ರೋಟೀನು ಮೈಟೊಕಾಂಡ್ರಿಯದ ಪೊರೆಗೆ ಹೋಗಿ ಅಂಟಿಕೊಂಡು, ಅದೇ ಮ್ಯಾವ್ಸ್ ಪ್ರೋಟೀನನ್ನು 428ನೆಯ ಸ್ಥಾನದಲ್ಲಿ ಕತ್ತರಿಸುತ್ತದೆ. ಟ್ರಿಫ್ ಪ್ರೋಟೀನನ್ನೂ ಈ ವೈರಸ್ ಬಿಡುವುದಿಲ್ಲ. ಸಾಮಾನ್ಯ ಇಲಿಗಳಲ್ಲಿ ಈ ವೈರಸ್ ಬೆಳೆಯುವುದಿಲ್ಲ, ಮ್ಯಾವ್ಸ್ ಇಲ್ಲದಂತೆ ಮಾಡಿದ ಇಲಿಗಳಲ್ಲಿ ಬೆಳೆಯುತ್ತದೆ ಎಂದು 2016ರಲ್ಲಿ ತೋರಿಸಿದಾಗ, ಈ ಒಂದು ಪ್ರೋಟೀನಿನ ಮಹತ್ವ ಇನ್ನೂ ಸ್ಪಷ್ಟವಾಯಿತು. ಇದಲ್ಲದೆ ಎ ವೈರಸ್ ರಕ್ತದಲ್ಲಿ ಸಂಚರಿಸುವಾಗ ನಮ್ಮದೇ ಜೀವಕೋಶದ ಪೊರೆಯ ತುಂಡನ್ನು ಹೊದ್ದುಕೊಂಡಿರುತ್ತದೆ. ಪಿತ್ತದೊಡನೆ ಕರುಳಿಗೆ ಇಳಿಯುವಾಗ ಪಿತ್ತವೇ ಆ ಹೊದಿಕೆಯನ್ನು ಕರಗಿಸಿ, ನೀರಿನಲ್ಲೂ ಮಣ್ಣಿನಲ್ಲೂ ಬಹುಕಾಲ ಬಾಳುವ ಬರಿಮೈ ವೈರಸ್ಸನ್ನು ಹೊರಗೆ ಕಳಿಸುತ್ತದೆ.

ಚಿಂಪಾಂಜಿಗಳಲ್ಲಿ ಎರಡನ್ನೂ ಹೋಲಿಸಿ ನೋಡಿದಾಗ ಇಂಟರ್‌ಫೆರಾನಿನ ಪ್ರತಿಕ್ರಿಯೆ ಕಡಿಮೆ ಕಂಡದ್ದು ವಾಸಿಯಾಗುವ ಎ ಸೋಂಕಿನಲ್ಲಿ. ಉಳಿದುಹೋಗುವ ಸಿ ಸೋಂಕಿನಲ್ಲಿ ಅದು ಹೆಚ್ಚೇ ಇತ್ತು. ಸಿ ತನ್ನ ಸೋಂಕಿರುವ ಜೀವಕೋಶದೊಳಗೆ ತಂತಿಯನ್ನು ಕತ್ತರಿಸಿದರೂ, ನೆರೆಯಲ್ಲಿರುವ ಬೇರೆ ಬಗೆಯ ರಕ್ಷಕ ಕೋಶಗಳು ವೈರಸ್ಸಿನ ಸುಳಿವು ಹಿಡಿದು ಇಂಟರ್‌ಫೆರಾನ್ ಬಿಡುತ್ತವೆ. ಆ ಗದ್ದಲದ ನಡುವೆಯೂ ಸಿ ಬದುಕಿಕೊಳ್ಳುತ್ತದೆ. ಹಾಗಾಗಿ ಯಾರು ಉಳಿಯುತ್ತಾರೆ, ಯಾರು ಹೋಗುತ್ತಾರೆ ಎಂಬುದು ಸಹಜ ರಕ್ಷಣೆಯನ್ನು ತಪ್ಪಿಸಿಕೊಂಡ ಮಾತ್ರಕ್ಕೆ ನಿರ್ಧಾರವಾಗುವುದಿಲ್ಲ. ಎ ವೈರಸ್ಸಿನ ಹೊರರೂಪ ಜಗತ್ತಿನಾದ್ಯಂತ ಹೆಚ್ಚುಕಡಿಮೆ ಒಂದೇ. ಪ್ರತಿಕಾಯಗಳು ಸಿದ್ಧವಾದ ಮೇಲೆ ಅದಕ್ಕೆ ಅಡಗಲು ಜಾಗವಿಲ್ಲ, ಬಿ ವೈರಸ್ಸಿನಂತೆ ಕೇಂದ್ರದಲ್ಲಿ ಕೂರಿಸುವ ಉಂಗುರವೂ ಅದಕ್ಕಿಲ್ಲ. ಸಿ ವೈರಸ್ಸಾದರೋ ತನ್ನ ಪ್ರತಿ ಮಾಡುವಾಗ ತಪ್ಪುಗಳನ್ನು ಮಾಡುತ್ತಲೇ ಹೋಗಿ, ಒಬ್ಬ ರೋಗಿಯ ಮೈಯಲ್ಲೇ ದಿನದಿನಕ್ಕೆ ರೂಪ ಬದಲಿಸುತ್ತದೆ, ಪ್ರತಿಕಾಯಗಳು ಹಳೆಯ ಮುಖವನ್ನೇ ಹುಡುಕುತ್ತಿರುತ್ತವೆ. ಸೋಂಕಿತರಲ್ಲಿ ನೂರಕ್ಕೆ ಸುಮಾರು ಎಪ್ಪತ್ತು ಜನರಲ್ಲಿ ಅದು ಉಳಿದುಬಿಡುತ್ತದೆ. ಅದಕ್ಕೆ ಇಂದಿಗೂ ಲಸಿಕೆಯಿಲ್ಲ.

ಲಸಿಕೆಯಿಲ್ಲದಿದ್ದರೂ ಔಷಧ ಇದೆ ಎಂಬುದನ್ನು ತರಗತಿಯಲ್ಲಿ ತಪ್ಪದೆ ಹೇಳಿ. ಕತ್ತರಿಯನ್ನು ಔಷಧದಿಂದ ಹಿಡಿದು ನಿಲ್ಲಿಸಿದರೆ ಜೀವಕೋಶದ ಎಚ್ಚರಿಕೆ ಮರಳುತ್ತದೆ ಎಂದು 2003ರಲ್ಲೇ ಪ್ರಯೋಗಾಲಯದಲ್ಲಿ ಕಂಡಿದ್ದರು. 2011ರಿಂದ ಆ ಕತ್ತರಿಯನ್ನು ತಡೆಯುವ ಮಾತ್ರೆಗಳು ಬಂದವು. 2013ರಲ್ಲಿ ವೈರಸ್ಸಿನ ಪ್ರತಿ ಮಾಡುವ ಯಂತ್ರವನ್ನೇ ನಿಲ್ಲಿಸುವ ಸೊಫೊಸ್ಬುವಿರ್ ಬಂತು. ಇಂದು ನಮ್ಮ ಸರಕಾರಿ ಕೇಂದ್ರಗಳಲ್ಲಿ ಸೊಫೊಸ್ಬುವಿರ್ ಜೊತೆಗೆ ಡಕ್ಲಾಟಸ್ವಿರ್ ಮೊದಲಾದವುಗಳನ್ನು, ಹೆಚ್ಚಿನವರಿಗೆ ಹನ್ನೆರಡು ವಾರ, ಕೊಡುತ್ತಾರೆ, ನೂರಕ್ಕೆ ತೊಂಬತ್ತೈದು ಜನರಿಗೂ ಮಿಗಿಲಾಗಿ ಪೂರ್ತಿ ವಾಸಿಯಾಗುತ್ತದೆ. 1989ರಲ್ಲಿ ಹೆಸರು ಪಡೆದ ಒಂದು ವೈರಸ್ಸಿನ ಕಾಯಿಲೆ ಒಂದು ತಲೆಮಾರಿನೊಳಗೆ ಮಾತ್ರೆಯಿಂದ ಗುಣವಾಗುವಂತಾಯಿತು. ವೈರಸ್ಸನ್ನು ಕಂಡುಹಿಡಿದ ಹಾರ್ವಿ ಆಲ್ಟರ್, ಮೈಕೆಲ್ ಹೌಟನ್ ಮತ್ತು ಚಾರ್ಲ್ಸ್ ರೈಸ್ ಅವರಿಗೆ 2020ರ ನೊಬೆಲ್ ಸಂದಿತು.

ಎ ವೈರಸ್ಸಿನ ಗುಪ್ತ ಅವಧಿಯ ಬಗ್ಗೆ ಕರಾವಳಿಯವರಿಗೆ ಒಂದು ಮಾತು ಉಳಿಯಿತು. ಎಚ್ಚರಿಕೆಯ ತಂತಿ ಕತ್ತರಿಸಿರುವುದರಿಂದಲೇ ಸೋಂಕು ತಗುಲಿದ ಮನುಷ್ಯನಿಗೆ ಸುಮಾರು ನಾಲ್ಕು ವಾರ ಏನೂ ತಿಳಿಯುವುದಿಲ್ಲ, ಮತ್ತು ಕಣ್ಣು ಹಳದಿಯಾಗುವುದಕ್ಕೆ ಮುಂಚಿನ ಒಂದೆರಡು ವಾರಗಳಲ್ಲೇ ಅವನ ಮಲದಲ್ಲಿ ವೈರಸ್ ಅತಿ ಹೆಚ್ಚು ಇರುತ್ತದೆ. ಶೌಚದ ಗುಂಡಿಯ ನೀರು ಮಳೆಗಾಲದಲ್ಲಿ ಬಾವಿಗೆ ಬಸಿಯುವ ಕಡೆ ನೀರನ್ನು ಕುದಿಸಿಯೇ ಕುಡಿಯಬೇಕೆನ್ನುವುದು ಇದಕ್ಕೆ. ಮರುವಾಯಿಯಂಥ ಚಿಪ್ಪುಜೀವಿಗಳು ನೀರನ್ನು ಸೋಸಿ ವೈರಸ್ಸನ್ನು ಮೈಯಲ್ಲಿ ಕೂಡಿಹಾಕಿಕೊಳ್ಳುತ್ತವೆ. 1988ರಲ್ಲಿ ಚೀನಾದ ಶಾಂಘೈಯಲ್ಲಿ ಅರೆಬೆಂದ ಚಿಪ್ಪುಮಾಂಸ ತಿಂದು ಸುಮಾರು ಮೂರು ಲಕ್ಷ ಜನರಿಗೆ ಹೆಪಟೈಟಿಸ್ ಎ ಬಂದಿತ್ತು. ನಮ್ಮ ಮನೆಗಳಲ್ಲಿ ಮಾಡುವಂತೆ ಚೆನ್ನಾಗಿ ಬೇಯಿಸಿ ಸುಕ್ಕ ಮಾಡಿದರೆ ಭಯವಿಲ್ಲ, ಚಿಪ್ಪು ಬಾಯಿಬಿಟ್ಟ ಕೂಡಲೇ ಇಳಿಸಬಾರದು ಅಷ್ಟೆ.

ಪ್ರಶ್ನೆ: ನಮ್ಮ ಮನೆಯಲ್ಲಿ ಯಾರಿಗೆ ಕಾಮಾಲೆಯಾದರೂ ಅಜ್ಜಿ ನೆಲನೆಲ್ಲಿಯನ್ನು ಬೇರುಸಹಿತ ಕಿತ್ತು, ಅರೆದು, ಹಾಲಿನಲ್ಲಿ ಕೊಡುತ್ತಿದ್ದರು. ಗುಣವೂ ಆಗುತ್ತಿತ್ತು. ಈಗಿನ ವೈದ್ಯರು ಅದನ್ನು ಒಪ್ಪುವುದಿಲ್ಲವೇಕೆ?
(ಓದುಗರೊಬ್ಬರು, ಕಾರ್ಕಳ)

ಉತ್ತರ: ಆಸ್ಟ್ರೇಲಿಯಾ ಆಂಟಿಜೆನ್ ಕಂಡುಹಿಡಿದ ಬ್ಲಂಬರ್ಗ್ ಅವರೇ ನಿಮ್ಮ ಅಜ್ಜಿಯ ನೆಲನೆಲ್ಲಿಯನ್ನು ಗೌರವದಿಂದ ಪರೀಕ್ಷಿಸಿದವರು ಎಂದರೆ ನಿಮಗೆ ಸಂತೋಷವಾಗಬಹುದು. ಮದ್ರಾಸಿನ ವಿಜ್ಞಾನಿಗಳ ಜೊತೆಗೂಡಿ ಹೆಪಟೈಟಿಸ್ ಬಿ ಇದ್ದವರಿಗೆ ಮೂವತ್ತು ದಿನ ಈ ಸಸ್ಯದ ಪುಡಿ ಕೊಟ್ಟು ನಡೆಸಿದ ಅಧ್ಯಯನ 1988ರಲ್ಲಿ ಪ್ರಕಟವಾಯಿತು. ಔಷಧ ಪಡೆದ 37 ಜನರಲ್ಲಿ 22 ಜನರ ರಕ್ತದಿಂದ ಆಂಟಿಜೆನ್ ಮಾಯವಾಗಿತ್ತು, ಔಷಧವಿಲ್ಲದ ಪುಡಿ ಪಡೆದ 23 ಜನರಲ್ಲಿ ಒಬ್ಬರಲ್ಲಿ ಮಾತ್ರ. ಆಗ ಎಲ್ಲರಿಗೂ ದೊಡ್ಡ ಆಸೆ ಹುಟ್ಟಿತು. ಆದರೆ ಬೇರೆ ಬೇರೆ ಊರುಗಳಲ್ಲಿ, ಬೇರೆ ಬೇರೆ ವೈದ್ಯರು ಮತ್ತೆ ಮತ್ತೆ ಮಾಡಿ ನೋಡಿದಾಗ ಆ ಫಲ ಮರುಕಳಿಸಲಿಲ್ಲ. ಎಲ್ಲ ಅಧ್ಯಯನಗಳನ್ನೂ ಒಟ್ಟಿಗೆ ಇಟ್ಟು ತೂಗಿದವರಿಗೂ ಅದನ್ನು ಶಿಫಾರಸು ಮಾಡುವಷ್ಟು ಆಧಾರ ಸಿಗಲಿಲ್ಲ.

ಅಜ್ಜಿ ಗುಣಪಡಿಸಿದ ಕಾಮಾಲೆಗಳಲ್ಲಿ ಹೆಚ್ಚಿನವು ಎ ಅಥವಾ ಇ ವೈರಸ್ಸಿನಿಂದ ಆದವು ಎಂದು ನಾನು ತಿಳಿಯುತ್ತೇನೆ. ಸಾಮಾನ್ಯವಾಗಿ ಅವು ಕೆಲವು ವಾರಗಳಲ್ಲಿ ತಾವಾಗಿಯೇ ವಾಸಿಯಾಗುತ್ತವೆ. ಅಜ್ಜಿ ಜೊತೆಗೆ ಹೇಳುತ್ತಿದ್ದ ವಿಶ್ರಾಂತಿಯೂ ಕುಚ್ಚಲಕ್ಕಿ ಗಂಜಿಯೂ ಒಳ್ಳೆಯವೇ. ಗರ್ಭಿಣಿಗೆ ಕಾಮಾಲೆಯಾದರೆ ಮಾತ್ರ ಮನೆಮದ್ದೆಂದು ಒಂದು ದಿನವೂ ಕಾಯಬೇಡಿ. ಹೆಪಟೈಟಿಸ್ ಇ ಗರ್ಭದ ಕೊನೆಯ ಮೂರು ತಿಂಗಳಲ್ಲಿ ಬಂದರೆ ನೂರರಲ್ಲಿ ಇಪ್ಪತ್ತೈದು ತಾಯಂದಿರವರೆಗೂ ಸಾಯಬಹುದು.

ಪ್ರಶ್ನೆ: ವೈರಸ್ ಸಹಜ ರಕ್ಷಣೆಯನ್ನು ತಪ್ಪಿಸಿಕೊಳ್ಳುವುದಾದರೆ ರೋಗನಿರೋಧಕ ಶಕ್ತಿ ಹೆಚ್ಚಿಸುವ ಟಾನಿಕ್ಕು, ಪುಡಿಗಳನ್ನು ತೆಗೆದುಕೊಂಡರೆ ಆಗುವುದಿಲ್ಲವೇ?
(ವಿದ್ಯಾರ್ಥಿನಿ, ಸುರತ್ಕಲ್)

ಉತ್ತರ: ಆಗುವುದಿಲ್ಲ. ಇಲ್ಲಿ ಶಕ್ತಿ ಕಡಿಮೆಯಾಗಿಲ್ಲ, ಸುದ್ದಿ ತಲುಪುತ್ತಿಲ್ಲ. ಇಂಟರ್‌ಫೆರಾನನ್ನೇ ಚುಚ್ಚುಮದ್ದಾಗಿ ಕೊಡುವ ಚಿಕಿತ್ಸೆ ದಶಕಗಳ ಕಾಲ ನಡೆದಿತ್ತು. ಸಿ ವೈರಸ್ಸಿಗೆ ಆರು ತಿಂಗಳಿಂದ ಒಂದು ವರ್ಷ ಕೊಟ್ಟರೂ, ಜ್ವರ, ಮೈಕೈನೋವು, ಖಿನ್ನತೆಗಳನ್ನು ಅನುಭವಿಸಿದ ಮೇಲೆ ಸುಮಾರು ಅರ್ಧದಷ್ಟು ಜನರಿಗೆ ಮಾತ್ರ ಗುಣವಾಗುತ್ತಿತ್ತು. ವಿಶೇಷವೆಂದರೆ, ಯಾರ ಯಕೃತ್ತಿನಲ್ಲಿ ಇಂಟರ್‌ಫೆರಾನಿನ ಜೀನುಗಳು ಮೊದಲೇ ಎಚ್ಚರವಾಗಿದ್ದವೋ ಅವರಿಗೇ ಅದು ಕಡಿಮೆ ಫಲ ಕೊಟ್ಟಿತು. ಸದಾ ಬೊಗಳುವ ನಾಯಿಯ ದನಿಗೆ ಮನೆಯವರು ಏಳದಿರುವಂತೆ ಆ ಜೀವಕೋಶಗಳು ಮರಗಟ್ಟಿರುತ್ತವೆ. ಪುಡಿಗಳಿಗೆ ದುಡ್ಡು ಹಾಕುವ ಬದಲು ಬಿ ಲಸಿಕೆ ಆಗಿದೆಯೇ ಎಂದು ನಿಮ್ಮ ತಾಯಿ ಇಟ್ಟಿರುವ ಲಸಿಕೆಯ ಕಾರ್ಡಿನಲ್ಲಿ ನೋಡಿ. ಆಗಿಲ್ಲದಿದ್ದರೆ ಮೊದಲ ದಿನ, ಒಂದು ತಿಂಗಳಿಗೆ, ಆರು ತಿಂಗಳಿಗೆ ಎಂದು ಮೂರು ಚುಚ್ಚುಮದ್ದು ಹಾಕಿಸಿಕೊಳ್ಳಿ. ಪೊಳ್ಳು ಕವಚ ಬಿಟ್ಟು ದೇಹವನ್ನು ಮೋಸಮಾಡುವ ಬಿ ವೈರಸ್ಸಿನ ಅದೇ ಕವಚದ ಪ್ರೋಟೀನಿನಿಂದ ಈ ಲಸಿಕೆಯನ್ನು ತಯಾರಿಸುತ್ತಾರೆ.

ಉಡುಪಿಯ ಓದುಗರಿಗೆ, ಉಳಿದ ಮಾತು: ನಿಮ್ಮ ತಮ್ಮನ ಹೆಂಡತಿಗೆ ಈ ವಾರವೇ ಎಚ್‌ಬಿಎಸ್‌ಎಜಿ ಪರೀಕ್ಷೆ ಮಾಡಿಸಿ. ಗರ್ಭಿಣಿಯರಿಗೆ ಇದನ್ನು ಸಾಮಾನ್ಯವಾಗಿ ಮಾಡಿರುತ್ತಾರೆ, ತಾಯಿ ಕಾರ್ಡಿನಲ್ಲಿ ಬರೆದಿದೆಯೇ ನೋಡಿ, ಆದರೂ ಈಗ ಮತ್ತೊಮ್ಮೆ ನೋಡುವುದು ಒಳ್ಳೆಯದು. ಇಲ್ಲವೆಂದು ಬಂದು, ರಕ್ಷಣೆಯೂ ಇಲ್ಲದಿದ್ದರೆ, ಅವಳಿಗೆ ಈಗಲೇ ಲಸಿಕೆ ಶುರುಮಾಡಬಹುದು. ಗರ್ಭಿಣಿಗೆ ಅದರಿಂದ ತೊಂದರೆಯಿಲ್ಲ. ಇದೆಯೆಂದು ಬಂದರೆ ವೈರಸ್ಸಿನ ಡಿಎನ್‌ಎ ಎಷ್ಟಿದೆ ಎಂದು ನೋಡಿ, ಹೆಚ್ಚಿದ್ದರೆ ಹೆರಿಗೆಯವರೆಗೆ ಟೆನೊಫೊವಿರ್ ಕೊಡುತ್ತಾರೆ. ಏಳನೆಯ ತಿಂಗಳಾದ್ದರಿಂದ ಈ ಪರೀಕ್ಷೆಯನ್ನು ಮುಂದಕ್ಕೆ ಹಾಕಬೇಡಿ.

ಮಗುವಿಗೆ, ತಾಯಿಯ ವರದಿ ಏನೇ ಇರಲಿ, ಹುಟ್ಟಿದ 24 ಗಂಟೆಗಳೊಳಗೆ ಲಸಿಕೆಯ ಮೊದಲ ಚುಚ್ಚುಮದ್ದು ಬೀಳಬೇಕು. ತಾಯಿಗೆ ಸೋಂಕಿದ್ದರೆ ಅದರ ಜೊತೆಗೇ, ಇನ್ನೊಂದು ತೊಡೆಗೆ, ಸಿದ್ಧ ಪ್ರತಿಕಾಯಗಳಿರುವ ಎಚ್‌ಬಿಐಜಿ ಚುಚ್ಚುಮದ್ದನ್ನೂ ಕೊಡಬೇಕು. ವೈರಸ್ ಮಗುವಿನ ಯಕೃತ್ತಿನ ಜೀವಕೋಶದೊಳಗೆ ಸೇರಿ ಮೌನವಾಗುವ ಮುಂಚೆ ರಕ್ತದಲ್ಲೇ ಅದನ್ನು ಹಿಡಿಯುವುದು ಇದರ ಉದ್ದೇಶ, ಗಂಟೆಯ ಲೆಕ್ಕ ಅದಕ್ಕಾಗಿಯೇ. ಎಚ್‌ಬಿಐಜಿ ಎಲ್ಲ ಆಸ್ಪತ್ರೆಗಳಲ್ಲೂ ಸದಾ ಇರುವುದಿಲ್ಲ. ಹೆರಿಗೆ ಎಲ್ಲಿ ಎಂದು ಗೊತ್ತಾದ ಕೂಡಲೇ ಅಲ್ಲಿನ ವೈದ್ಯರಿಗೆ ಮೊದಲೇ ತಿಳಿಸಿ ತರಿಸಿಡಲು ಹೇಳಿ. ಶನಿವಾರ ರಾತ್ರಿ ಹೆರಿಗೆಯಾದರೆ ಸೋಮವಾರ ಲಸಿಕೆಯ ಕೋಣೆ ತೆರೆಯಲಿ ಎಂದು ಕಾಯುವುದನ್ನು ನಾನು ಕಂಡಿದ್ದೇನೆ. ದಯವಿಟ್ಟು ಕಾಯಬೇಡಿ, ಕರ್ತವ್ಯದಲ್ಲಿರುವ ದಾದಿಯನ್ನು ಕೇಳಿ ಹಾಕಿಸಿ. ಆಮೇಲೆ ಆರು, ಹತ್ತು, ಹದಿನಾಲ್ಕು ವಾರಗಳಿಗೆ ಅಂಗನವಾಡಿಯಲ್ಲೋ ಆರೋಗ್ಯ ಕೇಂದ್ರದಲ್ಲೋ ಕೊಡುವ ಚುಚ್ಚುಮದ್ದುಗಳಲ್ಲಿ ಇದೂ ಸೇರಿರುತ್ತದೆ. ಇಷ್ಟು ನಡೆದರೆ ತಾಯಿ ಎದೆಹಾಲು ಕುಡಿಸಲು ಅಡ್ಡಿಯಿಲ್ಲ.

ತಮ್ಮನ ಜೊತೆ ಒಂದೇ ಪಂಕ್ತಿಯಲ್ಲಿ ಊಟ ಮಾಡುವುದಕ್ಕೆ, ಅವನು ಮಗುವನ್ನು ಎತ್ತಿಕೊಳ್ಳುವುದಕ್ಕೆ ಯಾರೂ ಹೆದರಬೇಕಾಗಿಲ್ಲ. ಅವನ ಕ್ಷೌರದ ಬ್ಲೇಡು, ಹಲ್ಲುಜ್ಜುವ ಬ್ರಷ್ಷು, ಉಗುರು ಕತ್ತರಿ ಬೇರೆಯೇ ಇರಲಿ, ಏಕೆಂದರೆ ಒಣಗಿದ ರಕ್ತದ ಕಲೆಯಲ್ಲೂ ಈ ವೈರಸ್ ಏಳು ದಿನಗಳವರೆಗೆ ಬದುಕಿರಬಲ್ಲದು. ಬೋಟಿನಲ್ಲಿ ಬಲೆಯೋ ಮೀನಿನ ಮುಳ್ಳೋ ತಾಗಿ ಕೈ ಕೊಯ್ದುಕೊಂಡರೆ ಗಾಯಕ್ಕೆ ತಾನೇ ಪಟ್ಟಿ ಕಟ್ಟಿಕೊಳ್ಳಲಿ. ಅಪ್ಪ, ಅಮ್ಮ, ನೀವು ಮತ್ತು ಉಳಿದ ಒಡಹುಟ್ಟಿದವರು ಎಲ್ಲರೂ ಒಮ್ಮೆ ಪರೀಕ್ಷೆ ಮಾಡಿಸಿಕೊಳ್ಳಿ. ಎಳವೆಯಲ್ಲಿ ಬಂದ ಸೋಂಕಾದರೆ ನಿಮ್ಮಲ್ಲೂ ಯಾರಿಗಾದರೂ ಕಾಮಾಲೆಯಿಲ್ಲದೆ ಇದ್ದಿರಬಹುದು.